ಅಜ್ಜಿಯ ಪಿಂಚಣಿ ಯಾವ ಬ್ಯಾಂಕಿಗೆ ಹೋಯಿತು? ಹಿರಿಯರ ನೆರವು ಕೇಂದ್ರದ ಒಂದು ಪ್ರಕರಣ ಅಧ್ಯಯನ

ಹಳೆ ಮೈಸೂರು ಭಾಗದ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ಸಮುದಾಯ ಸೇವಾ ಸಂಸ್ಥೆಯೊಂದು ವಾರಕ್ಕೆ ಎರಡು ದಿನ ಹಿರಿಯರಿಗಾಗಿ ನೆರವು ಕೇಂದ್ರ ತೆರೆದಿರುತ್ತದೆ. ಸಂಬಳದ ಸಂಯೋಜಕರು ಒಬ್ಬರೇ, ಮಿಕ್ಕವರೆಲ್ಲ ಸ್ವಯಂಸೇವಕರು. ಪಿಂಚಣಿ, ಪಡಿತರ, ಆಧಾರ್, ಆಸ್ಪತ್ರೆ ಚೀಟಿ, ಈ ನಾಲ್ಕರಲ್ಲಿ ಒಂದಕ್ಕೆ ಸಿಕ್ಕಿಹಾಕಿಕೊಂಡವರೇ ಹೆಚ್ಚಾಗಿ ಬರುತ್ತಾರೆ. ಇಲ್ಲಿ ಬರೆದಿರುವುದು ನಿಂತುಹೋದ ಒಂದು ವೃದ್ಧಾಪ್ಯ ಪಿಂಚಣಿಯ ಪ್ರಕರಣ. ಯಾರ ಗುರುತೂ ಹತ್ತಬಾರದೆಂದು ಒಂದೇ ಬಗೆಯ ಕೆಲವು ಪ್ರಕರಣಗಳನ್ನು ಸೇರಿಸಿ ಒಂದಾಗಿ ಕಟ್ಟಿದೆ, ಹೆಸರು ಮತ್ತು ಊರು ಬಿಟ್ಟಿದೆ. ಹಂತಗಳೂ ಅಡ್ಡಿಗಳೂ ಇಂಥ ಪ್ರಕರಣಗಳಲ್ಲಿ ಎದುರಾಗುವಂಥವೇ.

ಅಜ್ಜಿಗೆ ಎಪ್ಪತ್ತನಾಲ್ಕು ವರ್ಷ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಮಗ ಸೊಸೆ ಬೆಂಗಳೂರಿನಲ್ಲಿ, ಅಜ್ಜಿ ಹಳ್ಳಿಯ ಮನೆಯಲ್ಲಿ ಒಬ್ಬರೇ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ₹1,200 ಬರುತ್ತಿತ್ತು. ಅರವತ್ತೈದು ದಾಟಿದ, ವರ್ಷದ ಆದಾಯ ₹32,000ದೊಳಗಿರುವವರಿಗೆ ರಾಜ್ಯ ಸರ್ಕಾರ ಕೊಡುವ ಪಿಂಚಣಿ ಇದು. 2007ರಲ್ಲಿ ಶುರುವಾದದ್ದು, 2021ರಲ್ಲಿ ₹1,000ದಿಂದ ₹1,200ಕ್ಕೆ ಏರಿತು. ಮಾತ್ರೆ, ಎಲೆ ಅಡಿಕೆ, ಕರೆಂಟು, ಸಂತೆಯ ತರಕಾರಿ ಎಲ್ಲಕ್ಕೂ ಅಜ್ಜಿ ಅದನ್ನೇ ನಂಬಿದ್ದರು. ಐದು ಕಂತು ಬಂದಿಲ್ಲವೆಂದು ಜುಲೈ ಕೊನೆಗೆ ಕೇಂದ್ರಕ್ಕೆ ಬಂದರು. ಅವರು ಹೇಳಿದ ಮಾತು ಚೀಟಿಯಲ್ಲಿ ಹೀಗೆ ದಾಖಲಾಗಿದೆ: "ಮಾರ್ಚಿಂದ ದುಡ್ಡು ನಿಂತೋಗದೆ ಕಣವ್ವ. ಬ್ಯಾಂಕ್‌ನೋರು ಬಂದಿಲ್ಲ ಅಂತಾರೆ, ನಾಡಕಚೇರೀಲಿ ಕಳಿಸಿವಿ ಅಂತಾರೆ. ಯಾರು ಸುಳ್ಳು ಯೋಳ್ತಾವ್ರೋ ಗೊತ್ತಾಯ್ತಿಲ್ಲ."

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಈ ಪ್ರಕರಣದ ಗಂಟು ಇರುವುದೇ ಅಲ್ಲಿ.

ಮೊದಲ ದಿನ

ಕೇಂದ್ರದಲ್ಲಿ ಪ್ರತಿ ಪ್ರಕರಣಕ್ಕೂ ಇಬ್ಬರು ಸ್ವಯಂಸೇವಕರನ್ನು ಜೋಡಿ ಮಾಡುತ್ತಾರೆ. ಈ ಪ್ರಕರಣಕ್ಕೆ ಸಿಕ್ಕಿದ್ದು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮಹಿಳೆ, ಜೊತೆಗೆ ಕ್ಷೇತ್ರಕಾರ್ಯಕ್ಕೆ ಬಂದ ಸಮಾಜಕಾರ್ಯ ಎಂ.ಎ. ವಿದ್ಯಾರ್ಥಿ. ಇಬ್ಬರನ್ನು ಹಾಕುವುದಕ್ಕೆ ಕಾರಣ ಸರಳ. ಹಣದ ವಿಷಯದಲ್ಲಿ ಸ್ವಯಂಸೇವಕರು ಒಬ್ಬರೇ ಹಿರಿಯರ ಜೊತೆ ಹೋದರೆ ನಾಳೆ ಮಾತು ಬಂದಾಗ ಯಾರಿಗೂ ಸಾಕ್ಷಿ ಇರುವುದಿಲ್ಲ. ಆ ರಕ್ಷಣೆ ಅಜ್ಜಿಗೂ ಬೇಕು, ಸ್ವಯಂಸೇವಕರಿಗೂ ಬೇಕು.

ವಿದ್ಯಾರ್ಥಿಗೆ ತಕ್ಷಣ ತೋಚಿದ್ದು ಹೊಸ ಅರ್ಜಿ. "ಮೇಡಂ, ಇವತ್ತೇ ಆನ್‌ಲೈನ್‌ನಲ್ಲಿ ಹಾಕಿಬಿಡೋಣ, ಹೇಗೂ ದಾಖಲೆ ತಂದಿದ್ದಾರೆ" ಎಂದ. ಹಳ್ಳಿಯ ಕಂಪ್ಯೂಟರ್ ಅಂಗಡಿಯವನೂ ಅಜ್ಜಿಗೆ ಅದನ್ನೇ ಹೇಳಿ ಕಳಿಸಿದ್ದ. ಹಿರಿಯ ಸ್ವಯಂಸೇವಕಿ ಬೇಡ ಎಂದರು. ನಿಂತ ಪಿಂಚಣಿಗೆ ಹೊಸ ಅರ್ಜಿ ಹಾಕುವುದು ಇಂಥ ಕೇಂದ್ರಗಳಲ್ಲಿ ಮತ್ತೆ ಮತ್ತೆ ಆಗುವ ತಪ್ಪು, ಮತ್ತು ಅದರಿಂದ ಆಗುವ ಹಾನಿ ದೊಡ್ಡದು. ಹಳೆಯ ಮಂಜೂರಾತಿ ಜೀವಂತ ಇರುವಾಗ ಅದೇ ಆಧಾರ್ ಸಂಖ್ಯೆಯಲ್ಲಿ ಇನ್ನೊಂದು ಅರ್ಜಿ ಹೋದರೆ ಅದು ತಿರಸ್ಕೃತವಾಗುತ್ತದೆ, ಇಲ್ಲವೇ ಪರಿಶೀಲನೆಗೆ ಬಂದ ಗ್ರಾಮ ಆಡಳಿತಾಧಿಕಾರಿಗೆ ಒಬ್ಬರೇ ಎರಡು ಪಿಂಚಣಿ ಕೇಳುತ್ತಿದ್ದಾರೆಂಬ ಅನುಮಾನ ಹುಟ್ಟುತ್ತದೆ. ಒಂದು ವೇಳೆ ಹಳೆಯದು ರದ್ದಾಗಿ ಹೊಸದು ಮಂಜೂರಾದರೂ ನಡುವಿನ ತಿಂಗಳುಗಳ ಹಣ ಕೇಳಲು ದಾರಿ ಉಳಿಯುವುದಿಲ್ಲ. ಹಣ ಎಲ್ಲಿ ನಿಂತಿದೆಯೆಂದು ಗೊತ್ತಾಗುವ ತನಕ ಯಾವ ಅರ್ಜಿಯನ್ನೂ ಬರೆಯಬಾರದು.

ಆ ದಿನ ಮಾಡಿದ ಕೆಲಸ ಇಷ್ಟೆ. ಅಜ್ಜಿಯ ಒಪ್ಪಿಗೆ ಪತ್ರವನ್ನು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡರು. ಯಾವ ಕಚೇರಿಗೆ ಯಾವ ಕೆಲಸಕ್ಕೆ ತಮ್ಮ ಪರವಾಗಿ ವಿಚಾರಿಸಬಹುದು ಎಂಬುದು ಅದರಲ್ಲಿ ಬರೆದಿರುತ್ತದೆ. ಹಣ ತೆಗೆಯಲು ಅದರಲ್ಲಿ ಅನುಮತಿ ಇರುವುದಿಲ್ಲ, ಇರಲೂಬಾರದು. ಆಧಾರ್, ಪಾಸ್‌ಬುಕ್‌ನ ಮೊದಲ ಪುಟ, ಪಿಂಚಣಿ ಮಂಜೂರಾತಿ ಆದೇಶ, ರೇಷನ್ ಕಾರ್ಡ್ ಇವುಗಳ ಒಂದೊಂದು ಜೆರಾಕ್ಸ್ ಮಾಡಿಸಿ, ಪ್ರತಿಯೊಂದರ ಮೇಲೂ ಅಡ್ಡಗೆರೆ ಎಳೆದು "ಪಿಂಚಣಿ ವಿಚಾರಣೆಗೆ ಮಾತ್ರ" ಎಂದು ತಾರೀಖಿನ ಸಮೇತ ಬರೆದರು. ಅಸಲು ದಾಖಲೆಗಳು ಅಲ್ಲೇ ಅಜ್ಜಿಯ ಕೈಗೆ, ಅವರ ಪ್ಲಾಸ್ಟಿಕ್ ಕವರಿಗೆ ವಾಪಸ್ಸು ಹೋದವು. ಅಸಲು ಆಧಾರನ್ನು ಒಂದು ರಾತ್ರಿಯೂ ಇಟ್ಟುಕೊಳ್ಳಬಾರದು. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಸಾರಿಗೆ ಬಸ್ಸು ಉಚಿತ, ಆದರೆ ಕಂಡಕ್ಟರ್ ಗುರುತಿನ ಚೀಟಿ ಕೇಳುತ್ತಾರೆ. ಅಜ್ಜಿ ಊರಿಗೆ ಹೋಗಬೇಕಾದದ್ದೇ ಆ ಕಾರ್ಡಿನ ಮೇಲೆ. ದಾಖಲೆಗಳ ಫೋಟೊ ಸ್ವಯಂಸೇವಕರ ಸ್ವಂತ ಫೋನಿನಲ್ಲಿ ಇರಕೂಡದು, ವಾಟ್ಸಾಪ್ ಗುಂಪಿಗೆ ಹೋಗಲೇಬಾರದು. ಅವಸರದಲ್ಲಿ ಈ ನಿಯಮವೇ ಮೊದಲು ಮುರಿದುಬೀಳುತ್ತದೆ. ಹಾಗಾಗಿ ಕೇಂದ್ರದಲ್ಲಿ ಜೆರಾಕ್ಸ್ ಬಿಟ್ಟು ಬೇರೆ ಪ್ರತಿಗೆ ಅವಕಾಶವೇ ಇಲ್ಲ.

ಇನ್ನೊಂದು ಪ್ರಶ್ನೆಯನ್ನೂ ಅವತ್ತೇ ಕೇಳಿದರು: "ಅವ್ವ, ನಿಮ್ಮ ಬೀದೀಲಿ ಬೇರೆಯವರಿಗೆ ಬಂತಾ?" ಪಿಂಚಣಿ ಹಣ ಖಜಾನೆಯಿಂದಲೇ ತಡವಾಗುವುದು ಉಂಟು, ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುವುದೂ ಉಂಟು. ಊರಿಗೆ ಊರೇ ಕಾಯುತ್ತಿದ್ದರೆ ಅದು ಬೇರೆ ಸಮಸ್ಯೆ, ಒಬ್ಬರ ಕಡತ ಹಿಡಿದು ಓಡಾಡಿ ಫಲವಿಲ್ಲ. ಅಜ್ಜಿಯ ಪಕ್ಕದ ಮನೆಯವರಿಗೂ ಎದುರು ಮನೆಯವರಿಗೂ ಪ್ರತಿ ತಿಂಗಳೂ ಬಂದಿತ್ತು. ತೊಂದರೆ ಇವರೊಬ್ಬರದೇ ಎಂದು ಖಚಿತವಾಯಿತು.

ಪ್ರಶ್ನೆ ಬದಲಾಯಿಸಿದ್ದು

ಹೋಬಳಿಯ ನಾಡಕಚೇರಿಗೆ ಮೂವರೂ ಹೋದರು. ಅಜ್ಜಿ ಅಲ್ಲಿ ಹಿಂದೆ ಕೇಳಿದ್ದು "ನನ್ನ ದುಡ್ಡು ಬಂದದಾ?" ಎಂದು. ಅದಕ್ಕೆ ಸಿಕ್ಕ ಉತ್ತರ "ಹೋಗಿದೆ ಅಜ್ಜಿ". ಬ್ಯಾಂಕಿನಲ್ಲಿ ಕೇಳಿದ್ದೂ ಅದೇ ಪ್ರಶ್ನೆ, ಉತ್ತರ "ಬಂದಿಲ್ಲ". ಸ್ವಯಂಸೇವಕರು ಬೇರೆ ಪ್ರಶ್ನೆ ಬರೆದುಕೊಂಡು ಹೋಗಿದ್ದರು: ಯಾವ ತಾರೀಖಿಗೆ ಹೋಗಿದೆ, ಯಾವ ಬ್ಯಾಂಕಿಗೆ ಹೋಗಿದೆ, ಖಾತೆಯ ಕೊನೆಯ ನಾಲ್ಕು ಅಂಕಿ ಏನು, ಆ ಪಾವತಿಯ ಗುರುತಿನ ಸಂಖ್ಯೆಯಾದ ಯುಟಿಆರ್ ಎಷ್ಟು. ಸಿಬ್ಬಂದಿ ಪಾವತಿ ವಿವರ ತೆರೆದು ನೋಡಿದರು. ಐದೂ ಕಂತು ಪಾವತಿಯಾಗಿತ್ತು, ಒಂದೂ ವಾಪಸ್ಸು ಬಂದಿರಲಿಲ್ಲ. ಬ್ಯಾಂಕಿನ ಹೆಸರು ಮಾತ್ರ ಅಜ್ಜಿಯ ಪಾಸ್‌ಬುಕ್ಕಿನಲ್ಲಿದ್ದ ಬ್ಯಾಂಕಿನದಲ್ಲ. ಅದೊಂದು ಪೇಮೆಂಟ್ಸ್ ಬ್ಯಾಂಕ್, ಅಂದರೆ ಸಾಲ ಕೊಡದೆ ಸಣ್ಣ ಠೇವಣಿ ಮತ್ತು ಪಾವತಿಯನ್ನಷ್ಟೇ ನೋಡಿಕೊಳ್ಳುವ ಬ್ಯಾಂಕ್. ಅಂಥ ಬ್ಯಾಂಕಿನಲ್ಲಿ ತಮ್ಮ ಹೆಸರಲ್ಲಿ ಖಾತೆ ಇದೆಯೆಂಬುದೇ ಅಜ್ಜಿಗೆ ಗೊತ್ತಿರಲಿಲ್ಲ.

ಇದು ಹೇಗಾಗುತ್ತದೆಂದು ಪ್ರತಿ ಸ್ವಯಂಸೇವಕರಿಗೂ ತಿಳಿದಿರಬೇಕು. ಸರ್ಕಾರ ಈಗ ಆಧಾರ್ ಆಧಾರಿತವಾಗಿ ಹಣ ಕಳಿಸುವಾಗ ಖಾತೆ ಸಂಖ್ಯೆಗೆ ಕಳಿಸುವುದಿಲ್ಲ, ಆಧಾರ್ ಸಂಖ್ಯೆಗೆ ಕಳಿಸುತ್ತದೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಿಯಾಗಿದೆಯೆಂಬ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಬಳಿ ಇರುತ್ತದೆ, ಅದಕ್ಕೆ ಮ್ಯಾಪರ್ ಎನ್ನುತ್ತಾರೆ. ಒಬ್ಬರಿಗೆ ನಾಲ್ಕು ಬ್ಯಾಂಕಿನಲ್ಲಿ ಖಾತೆ ಇರಬಹುದು, ನಾಲ್ಕಕ್ಕೂ ಕೆವೈಸಿಗಾಗಿ, ಅಂದರೆ ಗ್ರಾಹಕರ ಗುರುತಿನ ದಾಖಲೆಗಾಗಿ, ಆಧಾರ್ ಕೊಟ್ಟಿರಬಹುದು. ಮ್ಯಾಪರಿನಲ್ಲಿ ಮಾತ್ರ ಒಂದೇ ಬ್ಯಾಂಕು ಇರಲು ಸಾಧ್ಯ, ಅದೂ ಕೊನೆಗೆ ಜೋಡಿಸಿದ್ದು. ಹೊಸ ಬ್ಯಾಂಕು ಜೋಡಿಸಿದ ಕೂಡಲೇ ಹಳೆಯದು ತಾನಾಗಿ ಕಳಚಿಕೊಳ್ಳುತ್ತದೆ. ಹಳೆಯ ಬ್ಯಾಂಕಿನ ಗುಮಾಸ್ತರ ಪರದೆಯಲ್ಲಿ "ಆಧಾರ್ ಲಿಂಕ್ ಆಗಿದೆ" ಎಂದೇ ಕಾಣುತ್ತಿರುತ್ತದೆ, ಏಕೆಂದರೆ ಕೆವೈಸಿ ಜೋಡಣೆ ಅಲ್ಲಾಡಿರುವುದಿಲ್ಲ. ಅವರು ಹೇಳಿದ್ದೂ ನಿಜ, ನಾಡಕಚೇರಿಯವರು ಹೇಳಿದ್ದೂ ನಿಜ.

ಖಾತೆ ತೆರೆದದ್ದು ಯಾರು? ವಿದ್ಯಾರ್ಥಿ ನಿಧಾನವಾಗಿ ಕೇಳುತ್ತಾ ಹೋದಾಗ ಅಜ್ಜಿಗೆ ನೆನಪಾಯಿತು. ಶಿವರಾತ್ರಿ ಕಳೆದ ಮೇಲೆ ಊರ ಅರಳಿಕಟ್ಟೆಯ ಹತ್ತಿರ ಇಬ್ಬರು ಹುಡುಗರು ಛತ್ರಿ ಹಾಕಿಕೊಂಡು ಕೂತು ಸಿಮ್ ಕಾರ್ಡ್ ಕೊಡುತ್ತಿದ್ದರು. "ಎರಡು ಸಲ ಹೆಬ್ಬೆಟ್ಟು ಒತ್ತಿಸ್ಕೊಂಡ್ರು ಮಗ, ಒಂದ್ಸಲ ಸರ್ಯಾಗಿ ಬೀಳನಿಲ್ಲ ಅಂದ್ರು." ಮೊದಲ ಹೆಬ್ಬೆಟ್ಟು ಸಿಮ್ಮಿಗೆ, ಎರಡನೆಯದು ಖಾತೆಗೆ. ಖಾತೆ ತೆರೆಯುವಾಗ ಸರ್ಕಾರಿ ಹಣ ಈ ಖಾತೆಗೇ ಬರಲಿ ಎಂಬ ಒಪ್ಪಿಗೆಯ ಜಾಗಕ್ಕೂ ಅವರೇ ಗುರುತು ಹಾಕಿಬಿಟ್ಟರೆ ಮ್ಯಾಪಿಂಗ್ ಬದಲಾಗುತ್ತದೆ. ಇಂಥ ಪ್ರಕರಣಗಳಲ್ಲಿ ಹಣ ಕಳುವಾಗಿರುವುದಕ್ಕಿಂತ ಯಾರೂ ಮುಟ್ಟದೆ ಬಿದ್ದಿರುವುದೇ ಹೆಚ್ಚು. ಅದನ್ನು ಅಜ್ಜಿಗೆ ಮೊದಲು ಹೇಳಬೇಕು. ಐದು ತಿಂಗಳಿಂದ ಕಳೆದೇಹೋಯಿತೆಂದು ಕೊರಗುತ್ತಿರುವವರಿಗೆ ನಿಮ್ಮ ₹6,000 ಎಲ್ಲಿದೆ ಎಂದು ಗೊತ್ತಾಗಿದೆ ಎನ್ನುವ ಮಾತು ದೊಡ್ಡದು. "ನಾಳೆ ಕೊಡಿಸ್ತೀವಿ" ಎಂಬ ಮಾತು ಮಾತ್ರ ಬಾಯಿಂದ ಬರಕೂಡದು, ಅದು ಸ್ವಯಂಸೇವಕರ ಕೈಯಲ್ಲಿರುವುದಲ್ಲ.

ಮನೆಯಲ್ಲೇ ಫೋನಿನಲ್ಲಿ ಇದನ್ನೆಲ್ಲ ನೋಡಬಹುದಿತ್ತು. ಸರ್ಕಾರದ ನೇರ ನಗದು ವರ್ಗಾವಣೆಯ (ಡಿಬಿಟಿ) ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ತಾಣದಲ್ಲೂ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಆದರೆ ಎರಡಕ್ಕೂ ಆಧಾರಿನಲ್ಲಿರುವ ಮೊಬೈಲಿಗೆ ಒಟಿಪಿ ಬರಬೇಕು. ಅಜ್ಜಿಯ ಆಧಾರಿನಲ್ಲಿದ್ದದ್ದು ಮೊಮ್ಮಗ ಎಂದೋ ಬಿಟ್ಟುಬಿಟ್ಟ ನಂಬರು. ಹಳ್ಳಿಯ ಹಿರಿಯರಲ್ಲಿ ಇದು ತೀರಾ ಸಾಮಾನ್ಯ, ಆದ್ದರಿಂದ ಕಚೇರಿಗೆ ಹೋಗುವ ದಾರಿಯನ್ನು ಕಲಿಸದೆ ಬರೀ ಆ್ಯಪ್ ಕಲಿಸಿದ ತರಬೇತಿ ಅರ್ಧ ತರಬೇತಿ.

ಬ್ಯಾಂಕಿನಲ್ಲಿ

ಮ್ಯಾಪಿಂಗನ್ನು ಹಳೆಯ ಬ್ಯಾಂಕಿಗೆ ತಿರುಗಿಸುವುದು ಮೊದಲೋ, ಸಿಕ್ಕಿಕೊಂಡ ಹಣ ತೆಗೆಯುವುದು ಮೊದಲೋ? ವಿದ್ಯಾರ್ಥಿಗೆ ಹಣವೇ ಮುಖ್ಯವೆನಿಸಿತು. ಹಿರಿಯ ಸ್ವಯಂಸೇವಕಿ ಮ್ಯಾಪಿಂಗ್ ಮೊದಲು ಎಂದರು. ಬಿದ್ದಿರುವ ಹಣ ಎಲ್ಲಿಗೂ ಓಡುವುದಿಲ್ಲ, ಮ್ಯಾಪಿಂಗ್ ತಡವಾದಷ್ಟೂ ಇನ್ನೊಂದು ಕಂತು ಅಲ್ಲಿಗೇ ಬೀಳುತ್ತದೆ.

ಅಜ್ಜಿಯ ಬ್ಯಾಂಕಿನಲ್ಲಿ ಎರಡು ಅಡ್ಡಿ ಎದುರಾದವು. ಮೊದಲನೆಯದು ಕೆವೈಸಿ ನವೀಕರಣ ಬಾಕಿ. ಅದಕ್ಕೆ ಒಂದು ಫೋಟೊ, ಆಧಾರ್ ಪ್ರತಿ, ಹೆಬ್ಬೆಟ್ಟು ಸಾಕಾಯಿತು. ಬ್ಯಾಂಕು "ಖಾತೆ ನಿಷ್ಕ್ರಿಯವಾಗಿದೆ, ಶುಲ್ಕ ಕಟ್ಟಿ" ಎಂದರೆ ಕಟ್ಟಬೇಕಿಲ್ಲ. ರಿಸರ್ವ್ ಬ್ಯಾಂಕಿನ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಖಾತೆ ಮತ್ತೆ ಚಾಲೂ ಮಾಡಲು ಶುಲ್ಕವಿಲ್ಲ, ಸರ್ಕಾರಿ ಯೋಜನೆಯ ಹಣಕ್ಕಾಗಿ ತೆರೆದ ಖಾತೆಯನ್ನು ವಹಿವಾಟಿಲ್ಲವೆಂಬ ಕಾರಣಕ್ಕೆ ನಿಷ್ಕ್ರಿಯವೆಂದು ಎಣಿಸುವಂತೆಯೂ ಇಲ್ಲ.

ಎರಡನೆಯ ಅಡ್ಡಿ ಮಾತಿನದು. "ಆಧಾರ್ ಲಿಂಕ್ ಮಾಡಿಕೊಡಿ" ಎಂದಾಗ ಕೌಂಟರಿನವರು ಪರದೆ ನೋಡಿ "ಆಗಿದೆಯಲ್ಲ" ಎಂದರು. ಕೇಳಬೇಕಾದದ್ದು ಅದಲ್ಲ. ಡಿಬಿಟಿಗಾಗಿ ಎನ್‌ಪಿಸಿಐ ಮ್ಯಾಪಿಂಗನ್ನು ಬೇರೆ ಬ್ಯಾಂಕಿನಿಂದ ಇಲ್ಲಿಗೆ ವರ್ಗಾಯಿಸಿ ಎಂದು ಬಿಡಿಸಿ ಕೇಳಬೇಕು, ಅದಕ್ಕಿರುವ ಒಪ್ಪಿಗೆ ಫಾರಂ ಕೇಳಿ ಪಡೆಯಬೇಕು. ಆ ಫಾರಂನಲ್ಲಿ ಹೊಸದಾಗಿ ಜೋಡಿಸುವುದಕ್ಕೆ ಒಂದು ಚೌಕ, ಬೇರೆ ಬ್ಯಾಂಕಿನಿಂದ ವರ್ಗಾಯಿಸುವುದಕ್ಕೆ ಇನ್ನೊಂದು ಚೌಕ ಇರುತ್ತದೆ. ಎರಡನೆಯದಕ್ಕೆ ಗುರುತು ಹಾಕಿ ಹಿಂದಿನ ಬ್ಯಾಂಕಿನ ಹೆಸರು ಬರೆಯಬೇಕು. ಮೊದಲನೆಯದಕ್ಕೆ ಗುರುತು ಹಾಕಿದರೆ ಈಗಾಗಲೇ ಬೇರೆಡೆ ಜೋಡಿಯಾಗಿದೆಯೆಂಬ ಕಾರಣಕ್ಕೆ ಅದು ಹಿಂದಕ್ಕೆ ಬರುವ ಸಂಭವ ಹೆಚ್ಚು. ಫಾರಂನ ಪ್ರತಿಗೆ ಸೀಲು ಮತ್ತು ತಾರೀಖು ಹಾಕಿಸಿಕೊಂಡೇ ಅಜ್ಜಿಯ ಜೊತೆ ಹೊರಗೆ ಬಂದರು.

ಆ ಸೀಲು ಮುಂದೆ ಕೆಲಸಕ್ಕೆ ಬಂತು. ನಾಲ್ಕು ದಿನ ಬಿಟ್ಟು ಅಜ್ಜಿಯನ್ನು ಕರೆದುಕೊಂಡು ಹೋಗಿ ವಿಚಾರಿಸಿದರೆ ಮ್ಯಾಪಿಂಗ್ ಬದಲಾಗಿರಲಿಲ್ಲ, ಫಾರಂ ಇನ್ನೂ ಟ್ರೇಯಲ್ಲೇ ಇತ್ತು. ವಿದ್ಯಾರ್ಥಿಗೆ ಸಿಟ್ಟು ಬಂತು. ದೂರು ಕೊಡೋಣ ಎಂದ. ಹಿರಿಯ ಸ್ವಯಂಸೇವಕಿ ಸೀಲಿನ ಪ್ರತಿಯನ್ನು ವ್ಯವಸ್ಥಾಪಕರ ಮುಂದಿಟ್ಟು "ಸರ್, ಇದು ಸೋಮವಾರದ್ದು. ಈ ತಿಂಗಳ ಪಟ್ಟಿ ಹೋಗುವ ಮೊದಲು ಆದರೆ ಇವರಿಗೆ ಅನುಕೂಲ" ಎಂದಷ್ಟೇ ಹೇಳಿದರು. ಅವರ ಎದುರೇ ಕೆಲಸವಾಯಿತು. ಲಿಖಿತ ದೂರಿಗೂ ಅದರದೇ ಜಾಗ ಇದೆ: ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಬರೆಯಬಹುದು, 14448ಕ್ಕೆ ಕರೆ ಮಾಡಿ ವಿಧಾನ ಕೇಳಬಹುದು. ಆದರೆ ಅದೇ ಶಾಖೆಗೆ ಅಜ್ಜಿ ಮುಂದೆ ಪ್ರತಿ ತಿಂಗಳೂ ಒಬ್ಬರೇ ಹೋಗಬೇಕು. ಸ್ವಯಂಸೇವಕರು ಆಡಿ ಬಂದ ಜಗಳದ ಬಿಸಿ ತಟ್ಟುವುದು ಅವರಿಗೆ.

ಹೆಬ್ಬೆಟ್ಟು

ಪೇಮೆಂಟ್ಸ್ ಬ್ಯಾಂಕಿನ ಖಾತೆಗೆ ಪಾಸ್‌ಬುಕ್ ಇರಲಿಲ್ಲ, ಕಾರ್ಡಿರಲಿಲ್ಲ. ಹಣ ತೆಗೆಯಲು ಉಳಿದದ್ದು ಆಧಾರ್ ಮೂಲಕ, ಅಂದರೆ ಏಜೆಂಟ್ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟು ತೆಗೆಯುವ ದಾರಿ. ನಡೆದದ್ದರಲ್ಲಿ ತಾಳ್ಮೆ ಅತಿ ಹೆಚ್ಚು ಬೇಕಾದ ಭಾಗ ಇದು, ತರಬೇತಿಯಲ್ಲಿ ಅತಿ ಕಡಿಮೆ ಹೇಳಿಕೊಡುವ ಭಾಗವೂ ಇದೇ.

ಅಜ್ಜಿಯ ಬಲಗೈ ಹೆಬ್ಬೆರಳು ನುಣುಪಾಗಿತ್ತು. ಜೀವಮಾನವಿಡೀ ಕಳೆ ಕಿತ್ತು, ರಾಗಿ ಬೀಸಿ, ಪಾತ್ರೆಗೆ ಬೂದಿ ಹಾಕಿ ಉಜ್ಜಿದ ಬೆರಳು. ಗೆರೆಗಳು ಸವೆದು, ನಡುವೆ ಒಂದು ಕುಡುಗೋಲಿನ ಗಾಯದ ಕಲೆ ಅಡ್ಡ ಬಿದ್ದಿತ್ತು. ಯಂತ್ರ ಅದನ್ನು ಒಪ್ಪಲಿಲ್ಲ. ಹೀಗಾದಾಗ ಅದೇ ಬೆರಳನ್ನು ಇನ್ನೂ ಜೋರಾಗಿ ಒತ್ತಿಸುವುದು ಎಲ್ಲರೂ ಮಾಡುವ ಕೆಲಸ. ಒತ್ತಿದಷ್ಟೂ ಚರ್ಮ ಚಪ್ಪಟೆಯಾಗಿ ಇದ್ದ ಗೆರೆಯೂ ಅಳಿಸಿಹೋಗುತ್ತದೆ. ಗಾಜನ್ನು ಒಣಬಟ್ಟೆಯಲ್ಲಿ ಒರೆಸಿ, ಕೈಯನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಿಕೊಂಡು, ಚರ್ಮ ತೀರಾ ಒಣಗಿದ್ದರೆ ಒಂದು ಚೂರು ಕೊಬ್ಬರಿ ಎಣ್ಣೆ ಸವರಿ ಚೆನ್ನಾಗಿ ಒರೆಸಿ, ಬೆರಳನ್ನು ಹಗುರವಾಗಿ ಮಟ್ಟಸವಾಗಿ ಇಡಿಸಬೇಕು. ಹೆಬ್ಬೆರಳೇ ಆಗಬೇಕೆಂದಿಲ್ಲ. ಆಧಾರಿನಲ್ಲಿ ಹತ್ತೂ ಬೆರಳು ದಾಖಲಾಗಿರುತ್ತವೆ. ಅಜ್ಜಿಗೆ ಹತ್ತಿದ್ದು ಎಡಗೈಯ ಉಂಗುರ ಬೆರಳು, ಕೆಲಸದಲ್ಲಿ ಕಡಿಮೆ ಸವೆದ ಬೆರಳು. ಯಾವ ಬೆರಳು ಹತ್ತಿತೆಂದು ಚೀಟಿಯಲ್ಲಿ ಬರೆದಿಟ್ಟರು, ಅಜ್ಜಿಗೂ ನೆನಪಿಟ್ಟುಕೊಳ್ಳಲು ಹೇಳಿದರು. ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳ ಪೇಚಾಟಕ್ಕೂ ಅದೇ ಬೆರಳು ಪರಿಹಾರವಾಯಿತು.

ಮೊದಲು ಬಾಕಿ ಎಷ್ಟಿದೆಯೆಂದು ನೋಡಿಸಿ ಚೀಟಿ ಪಡೆದರು: ₹6,000. ನಂತರ ಅಷ್ಟನ್ನೂ ತೆಗೆಯಲು ಬೆರಳಿಟ್ಟಾಗ ಯಂತ್ರ "ವಿಫಲ" ಎಂದಿತು. ಅಂಗಡಿಯವರು "ಇನ್ನೊಂದು ಸಲ ಇಡಿ ಅಜ್ಜಿ" ಎಂದರು. ಇಲ್ಲಿ ಸ್ವಯಂಸೇವಕರು ತಡೆಯಬೇಕು, ತಡೆದರು. ವಿಫಲವಾದ ವಹಿವಾಟಿನ ಚೀಟಿ ಕೈಗೆ ಬಾರದೆ, ಬಾಕಿಯನ್ನು ಮತ್ತೆ ನೋಡದೆ ಎರಡನೆಯ ಬೆರಳಿಡಬಾರದು. ಬಾಕಿ ನೋಡಿದರೆ ಸೊನ್ನೆ. ಹಣ ಖಾತೆಯಿಂದ ಕಡಿತವಾಗಿದೆ, ಅಂಗಡಿಗೆ ಬಂದಿಲ್ಲ. ಅಜ್ಜಿ ಕುಸಿದು ಕುಳಿತರು.

ಹೀಗಾದಾಗ ಏನೆಂಬುದಕ್ಕೆ 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದೆ. ಆಧಾರ್ ಮೂಲಕದ ವಹಿವಾಟಿನಲ್ಲಿ ಗ್ರಾಹಕರ ಖಾತೆಯಿಂದ ಹಣ ಹೋಗಿ ಅಂಗಡಿಯ ಕಡೆ ತಲುಪದಿದ್ದರೆ ವಹಿವಾಟಿನ ದಿನ ಬಿಟ್ಟು ಐದು ದಿನದೊಳಗೆ ವಾಪಸ್ಸಾಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ ಸೇರಿಸಿ ಕೊಡಬೇಕು. ಎರಡೂ ಚೀಟಿಗಳನ್ನು ಕಡತಕ್ಕೆ ಹಚ್ಚಿ, ಅಂಗಡಿಯವರಿಂದ ವಹಿವಾಟಿನ ಸಂಖ್ಯೆ ಬರೆಸಿಕೊಂಡರು. ಅಂಗಡಿಯವರೊಂದಿಗೆ ವಾದಕ್ಕಿಳಿಯಲಿಲ್ಲ, ಏಕೆಂದರೆ ಇದು ಅವರ ಕೈ ಮೀರಿದ್ದು. ಐದು ದಿನದೊಳಗೆ ಹಣ ಖಾತೆಗೆ ಮರಳಿತು. ಆಮೇಲೆ ಮೊದಲು ₹3,000, ಅದು ಕೈಗೆ ಬಂದ ಮೇಲೆ ಇನ್ನೊಂದು ₹3,000 ಹೀಗೆ ಎರಡು ಸಲಕ್ಕೆ ತೆಗೆದರು. ಒಂದು ವಹಿವಾಟಿಗೆ ₹10,000ದವರೆಗೆ ಅವಕಾಶವಿದ್ದರೂ ಯಂತ್ರ ತೊಡರುವ ಕಡೆ ಅರ್ಧರ್ಧ ತೆಗೆಯುವುದು ಜಾಣತನ. ಹಣ ತೆಗೆಯಲು ಅಂಗಡಿಯವರು ಗ್ರಾಹಕರಿಂದ ಇಪ್ಪತ್ತು, ಐವತ್ತು ಕೇಳಿದರೆ ಕೊಡಬೇಕಿಲ್ಲ, ಅವರಿಗೆ ಬ್ಯಾಂಕಿನಿಂದ ಕಮಿಷನ್ ಸಿಗುತ್ತದೆ.

ನೋಟನ್ನು ಅಂಗಡಿಯವರು ಅಜ್ಜಿಯ ಕೈಗೇ ಕೊಟ್ಟರು, ಅಜ್ಜಿಯೇ ಎಣಿಸಿ ಸೆರಗಿಗೆ ಕಟ್ಟಿಕೊಂಡರು. ಸ್ವಯಂಸೇವಕರು "ನಾನು ಎಣಿಸಿಕೊಡ್ತೀನಿ" ಎನ್ನುವುದು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೂ ಮುಟ್ಟಬಾರದು. ಅಜ್ಜಿ ಸಂತೋಷಕ್ಕೆ ಇನ್ನೂರು ರೂಪಾಯಿ ವಿದ್ಯಾರ್ಥಿಯ ಜೇಬಿಗೆ ತುರುಕಲು ಬಂದರು. "ಬೇಡ ಅಜ್ಜಿ, ಮನೆಗೆ ಬಂದಾಗ ಮಜ್ಜಿಗೆ ಕೊಡಿ" ಎಂದು ಅವನು ತಪ್ಪಿಸಿಕೊಂಡ. ಬೇಡವೆನ್ನುವುದರಲ್ಲೂ ಅವರ ಮನಸ್ಸು ನೋಯದಂತೆ ನೋಡಿಕೊಳ್ಳಬೇಕು. ಮಜ್ಜಿಗೆ ಪಡೆಯಬಹುದು, ಹಣ ಪಡೆಯಬಾರದು.

ಮಗನ ವಿಷಯ

ಮನೆಭೇಟಿಗೆ ಹೋದಾಗ ವಿದ್ಯಾರ್ಥಿಗೆ ಇನ್ನೊಂದು ಕಂಡಿತು. ರಕ್ತದೊತ್ತಡದ ಮಾತ್ರೆಯನ್ನು ಅಜ್ಜಿ ದಿನ ಬಿಟ್ಟು ದಿನ ನುಂಗುತ್ತಿದ್ದರು, ಹಾಳೆ ಬೇಗ ಮುಗಿಯಬಾರದೆಂದು. ಮಗ ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುತ್ತಾನೆ, ತಿಂಗಳಿಗೆ ಏನೂ ಕಳಿಸುವುದಿಲ್ಲ. ಹಿರಿಯ ನಾಗರಿಕರ ಪಾಲನೆ ಪೋಷಣೆಯ 2007ರ ಕಾಯ್ದೆಯನ್ನು ತರಗತಿಯಲ್ಲಿ ಓದಿದ್ದ ಹುಡುಗ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ತಿಂಗಳಿಗೆ ₹10,000ದವರೆಗೆ ಜೀವನಾಂಶ ಆದೇಶಿಸಬಹುದು ಎಂದು ಅಜ್ಜಿಗೆ ವಿವರಿಸಿದ. ಕಾನೂನು ಹೇಳಿದ್ದು ಸರಿಯಾಗಿಯೇ ಇತ್ತು. ಅಜ್ಜಿಯ ಮುಖ ಬಿಗಿಯಿತು: "ಮಗನ ಮ್ಯಾಲೆ ಕೇಸಾಕಕ್ಕೆ ನಾನು ಬಂದಿಲ್ಲ ಕಣಪ್ಪ. ಪಿಂಚಣಿ ಕೇಳಕ್ಕೆ ಬಂದಿವ್ನಿ." ಮುಂದಿನ ಭೇಟಿಗೆ ಅಜ್ಜಿ ಬರಲೇ ಇಲ್ಲ.

ಸಂಯೋಜಕರು ಹಿರಿಯ ಸ್ವಯಂಸೇವಕಿಯನ್ನು ಕಳಿಸಿ ಮಾತಾಡಿಸಿದ ಮೇಲೆ ಎಳೆ ಮತ್ತೆ ಸೇರಿತು. ಇಲ್ಲಿ ವಿದ್ಯಾರ್ಥಿಯ ಕಾಳಜಿಯಲ್ಲಿ ಕೊರತೆ ಇರಲಿಲ್ಲ, ಅಜ್ಜಿ ತಂದ ಪ್ರಶ್ನೆ ಬಿಟ್ಟು ತನಗೆ ಕಂಡ ಪ್ರಶ್ನೆಗೆ ಅವನು ಉತ್ತರ ಹುಡುಕಿದ್ದ. ಕಾನೂನಿನ ದಾರಿ ಇದೆಯೆಂದು ತಿಳಿಸುವುದು ತಪ್ಪಲ್ಲ. ಅವರು ಕೇಳಿದಾಗ, ಇಲ್ಲವೇ ನಂಬಿಕೆ ಗಟ್ಟಿಯಾದ ಮೇಲೆ, ಒಂದು ಸಲ ಹೇಳಿ ಬಿಡಬೇಕು. ಹಿಂಸೆ, ಹಸಿವು, ಆಸ್ತಿಗಾಗಿ ಹೆದರಿಸುವುದು ಕಂಡರೆ ಮಾತು ಬೇರೆ, ಆಗ ಸಂಯೋಜಕರಿಗೆ ಅವತ್ತೇ ತಿಳಿಸಬೇಕು. ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ. ಇಲ್ಲಿ ಅಂಥದ್ದು ಇರಲಿಲ್ಲ. ಮಾತ್ರೆಗೆ ಕಾನೂನು ಬೇಕಾಗಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತವಾಗಿ ಸಿಗುತ್ತದೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಊರಿನ ಆಶಾ ಕಾರ್ಯಕರ್ತೆಯ ಮೂಲಕ ಚೀಟಿ ಮಾಡಿಸಿದರು.

ಆಗಸ್ಟ್ ಕಂತು, ಮತ್ತು ಕಡತ ದಾಟಿಸಿದ್ದು

ಮ್ಯಾಪಿಂಗ್ ಬದಲಾದ ಮೇಲೂ ಆಗಸ್ಟ್ ತಿಂಗಳ ಹಣ ಪೇಮೆಂಟ್ಸ್ ಬ್ಯಾಂಕಿಗೇ ಹೋಯಿತು. ಆ ತಿಂಗಳ ಪಾವತಿ ಅಷ್ಟರಲ್ಲಿ ಮುಂದೆ ಸಾಗಿಬಿಟ್ಟಿತ್ತು. ಇದಕ್ಕೆ ಗಾಬರಿಯಾಗಿ ಮತ್ತೆ ಫಾರಂ ಕೊಡುವವರಿದ್ದಾರೆ, ಬೇಕಿಲ್ಲ. ಗಮನಿಸಬೇಕಾದದ್ದು ಬೇರೆ: ಬೇಡದ ಖಾತೆಯನ್ನು ಸಿಟ್ಟಿನಿಂದ ಮೊದಲೇ ಮುಚ್ಚಿಸಿಬಿಟ್ಟರೆ ನಡುವೆ ಬಂದ ಕಂತಿಗೆ ನಿಲ್ಲಲು ಜಾಗವಿಲ್ಲದೆ ಹಣ ಸರ್ಕಾರಕ್ಕೆ ವಾಪಸ್ಸಾಗುತ್ತದೆ, ಅದನ್ನು ಮತ್ತೆ ಹೊರಡಿಸಲು ತಿಂಗಳುಗಟ್ಟಲೆ ಹಿಡಿಯಬಹುದು. ಸರಿಯಾದ ಖಾತೆಗೆ ಒಂದು ಕಂತು ಬಿದ್ದದ್ದನ್ನು ಪಾಸ್‌ಬುಕ್ಕಿನಲ್ಲಿ ಕಣ್ಣಾರೆ ನೋಡಿದ ಮೇಲೆ ಮುಚ್ಚಿಸಬೇಕು. ಸೆಪ್ಟೆಂಬರ್ ಕಂತು ಅಜ್ಜಿಯ ಹಳೆಯ ಪಾಸ್‌ಬುಕ್ಕಿನಲ್ಲಿ ಅಚ್ಚಾಯಿತು. ಆಗಸ್ಟಿನ ₹1,200ನ್ನು ಉಂಗುರ ಬೆರಳಿಟ್ಟು ತೆಗೆದು, ಬಾಕಿ ಸೊನ್ನೆಯಾದ ಮೇಲೆ ಆ ಖಾತೆ ಮುಚ್ಚುವ ಕೋರಿಕೆ ಕೊಡಿಸಿದರು.

ಅಷ್ಟರಲ್ಲಿ ವಿದ್ಯಾರ್ಥಿಗೆ ಪರೀಕ್ಷೆ ಬಂತು. ಸ್ವಯಂಸೇವಕರು ನಡುವೆ ಹೋಗುವುದು ಸಹಜ, ತಪ್ಪೂ ಅಲ್ಲ. ಹೋಗುವಾಗ ಬರೆದಿಡುವುದು ಸರಿಯಾಗಿದ್ದರೆ ಸಾಕು. ಅವನ ಮೊದಲ ಟಿಪ್ಪಣಿ ಹೀಗಿತ್ತು: "ಅಜ್ಜಿ ತುಂಬ ಕಷ್ಟದಲ್ಲಿದ್ದಾರೆ, ಬ್ಯಾಂಕಿನವರು ಸಹಕರಿಸುತ್ತಿಲ್ಲ, ಫಾಲೋಅಪ್ ಮಾಡಬೇಕು." ಇದನ್ನು ಓದಿ ಹೊಸಬರಿಗೆ ಮಾಡಲು ಏನೂ ತಿಳಿಯದು. ಸಂಯೋಜಕರು ಮತ್ತೆ ಬರೆಸಿದ್ದು: "ಸೆಪ್ಟೆಂಬರ್ ಕಂತು ಹಳೆ ಪಾಸ್‌ಬುಕ್ಕಿಗೆ ಬಂದಿದೆ, ನೋಡಿದ್ದೇವೆ. ಪೇಮೆಂಟ್ಸ್ ಬ್ಯಾಂಕ್ ಮುಚ್ಚುವ ಕೋರಿಕೆಯ ಸಂಖ್ಯೆ ಕಡತದ 7ನೇ ಹಾಳೆಯಲ್ಲಿದೆ, ಮುಚ್ಚಿದ ಖಾತರಿ ಬಂದಿಲ್ಲ. ಎಡ ಉಂಗುರ ಬೆರಳು ಹತ್ತುತ್ತದೆ. ಮಗನ ವಿಷಯ ನಾವಾಗಿ ಎತ್ತಬಾರದು. ಅಜ್ಜಿಗೆ ಓದಲು ಬಾರದು, ಅಂಕಿ ಗೊತ್ತು. ಪಾಸ್‌ಬುಕ್ಕಿನಲ್ಲಿ 1200 ಎಲ್ಲಿ ಬರುತ್ತದೆಂದು ತೋರಿಸಿಕೊಟ್ಟಿದ್ದೇವೆ."

ಕೊನೆಯ ವಾಕ್ಯದ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿದಿತ್ತು. ಪಾಸ್‌ಬುಕ್ಕಿನ ಜಮೆಯ ಕಾಲಂ ಯಾವುದು, ಖರ್ಚಿನ ಕಾಲಂ ಯಾವುದು ಎಂದು ಬೆರಳಿಟ್ಟು ತೋರಿಸಿ, ತಿಂಗಳಿಗೊಮ್ಮೆ ಅಚ್ಚು ಹಾಕಿಸಿಕೊಳ್ಳಬೇಕೆಂದು ಹೇಳಿ, ಯಾರೇ ಬಂದು ಹೆಬ್ಬೆಟ್ಟು ಕೇಳಿದರೂ "ಯಾತಕ್ಕೆ, ಎಷ್ಟು ಸಲ" ಎಂದು ಕೇಳುವುದನ್ನು ಹೇಳಿಕೊಟ್ಟರು. ಮಾರ್ಚಿನಲ್ಲೇ ಹಣ ಬಂದಿಲ್ಲವೆಂದು ಅಜ್ಜಿಗೆ ಪಾಸ್‌ಬುಕ್ ನೋಡಿಯೇ ತಿಳಿದಿದ್ದರೆ ಐದು ತಿಂಗಳು ಕಾಯುವ ಪ್ರಮೇಯ ಇರುತ್ತಿರಲಿಲ್ಲ. ಸಂಸ್ಥೆಗಳು ಎಷ್ಟು ಪ್ರಕರಣ ಬಗೆಹರಿಸಿದೆವು ಎಂದು ಲೆಕ್ಕ ಇಡುತ್ತವೆ. ಎಷ್ಟು ಮಂದಿ ಮತ್ತೆ ಬರಬೇಕಾಗಲಿಲ್ಲ ಎಂಬ ಲೆಕ್ಕ ಅದಕ್ಕಿಂತ ಮುಖ್ಯ.

ಎರಡು ಕಂತು ಸತತವಾಗಿ ಸರಿಯಾದ ಖಾತೆಗೆ ಬಾರದೆ ಈ ಕೇಂದ್ರದಲ್ಲಿ ಪಿಂಚಣಿ ಪ್ರಕರಣ ಮುಗಿಯಿತೆಂದು ಬರೆಯುವುದಿಲ್ಲ. ಅಕ್ಟೋಬರ್ ಕಂತು ಬಂದ ಮೇಲೆ ಜೆರಾಕ್ಸ್ ಪ್ರತಿಗಳನ್ನು ಅಜ್ಜಿಯ ಎದುರೇ ಹರಿದರು. ಕಡತದಲ್ಲಿ ಇನ್ನೂ ಎರಡು ಕೆಲಸ ತೆರೆದಿವೆ. ಆಧಾರಿಗೆ ಈಗ ನಡೆಯುತ್ತಿರುವ ಮೊಬೈಲ್ ನಂಬರು ಸೇರಿಸಿ ಬೆರಳು ಮತ್ತು ಕಣ್ಣಿನ ಗುರುತನ್ನು ಹೊಸದಾಗಿ ತೆಗೆಸಬೇಕು, ಅದಕ್ಕೆ ತಾಲ್ಲೂಕಿನ ಆಧಾರ್ ಕೇಂದ್ರದಲ್ಲಿ ಟೋಕನ್ ಪಡೆಯಬೇಕು. ರೇಷನ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ "ಮ್ಮ" ಇದೆ, ಆಧಾರಿನಲ್ಲಿ "ವ್ವ" ಇದೆ. ಇಂದು ಅಡ್ಡಿಯಾಗಿಲ್ಲದ ಈ ಒಂದಕ್ಷರ ಮುಂದಿನ ಪರಿಶೀಲನೆಯಲ್ಲಿ ಅಡ್ಡ ಬರಬಹುದು. ಎರಡನ್ನೂ ಹೊಸದಾಗಿ ಬಂದ ಸ್ವಯಂಸೇವಕಿಗೆ ಒಪ್ಪಿಸಿ, ಮೊದಲ ಭೇಟಿಗೆ ಹಿರಿಯ ಸ್ವಯಂಸೇವಕಿಯೇ ಜೊತೆಗೆ ಹೋಗಿ ಅಜ್ಜಿಗೆ ಪರಿಚಯ ಮಾಡಿಸಿದ್ದಾರೆ.